ವರ್ಷಾಯೋಗ: ಮಳೆ ಮೊದಲೋ, ತಿಥಿ ಮೊದಲೋ?

ಆಷಾಢ ಶುಕ್ಲ ಚತುರ್ದಶಿಯ ರಾತ್ರಿ ದಿಗಂಬರ ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸುತ್ತವೆ. ಅಂದಿನಿಂದ ವಿಹಾರ ನಿಲ್ಲುತ್ತದೆ. ಶ್ರಾವಕರ ಮನೆಗಳಲ್ಲಿಯೂ ಅಂದೇ ನಿಯಮಗಳು ತೊಡಗುತ್ತವೆ. ಒಬ್ಬರು ಸೊಪ್ಪು ತರಕಾರಿಗಳನ್ನು ತ್ಯಜಿಸುತ್ತಾರೆ, ಮತ್ತೊಬ್ಬರು ದೂರದ ಪ್ರಯಾಣವನ್ನು ಬಿಡುತ್ತಾರೆ, ಕೆಲವರು ಏಕಭುಕ್ತದ ವ್ರತವನ್ನು ಹಿಡಿಯುತ್ತಾರೆ. 2025ರಲ್ಲಿ ಈ ತಿಥಿಯು ಜುಲೈ 9ಕ್ಕೆ ಬಂದಿತು. ಅದೇ ವರ್ಷ ನೈಋತ್ಯ ಮುಂಗಾರು ಕೇರಳವನ್ನು ಪ್ರವೇಶಿಸಿದ್ದು ಮೇ 24ರಂದು. ವಾಡಿಕೆಗಿಂತ ಎಂಟು ದಿನ ಮೊದಲೇ ಬಂದ ಆ ಮಳೆ ಅದೇ ವಾರದಲ್ಲಿ ಕರ್ನಾಟಕವನ್ನೂ ಹೊಕ್ಕಿತು. 2009ರ ನಂತರ ಮುಂಗಾರು ಇಷ್ಟು ಬೇಗ ಬಂದಿರಲಿಲ್ಲ. ಮೇ 24ರಿಂದ ಜುಲೈ 9ರವರೆಗೆ 46 ದಿನಗಳಾದವು. ಈ 46 ದಿನಗಳಲ್ಲಿ ನೆಲದ ಮೇಲೆ ಹುಟ್ಟಿ, ಹರಿದು, ತೆವಳಿ, ಚಕ್ರಕ್ಕೆ ಸಿಕ್ಕಿ, ಹಾರೆಗೆ ಸಿಕ್ಕಿ ಸತ್ತ ಜೀವಗಳು ಯಾವ ವ್ರತದ ಆಶ್ರಯದಲ್ಲಿದ್ದವು? ವ್ರತ ತೊಡುವವರು ಕ್ಯಾಲೆಂಡರಿನತ್ತ ನೋಡುತ್ತಿದ್ದರು. ಜೀವಗಳಿಗೆ ಕ್ಯಾಲೆಂಡರ್ ಗೊತ್ತಿರಲಿಲ್ಲ.

ಇದು ಒಂದು ವರ್ಷದ ಅಪವಾದವೆಂದು ಭಾವಿಸಿ ಸುಮ್ಮನಾಗುವವರು ಮಲೆನಾಡಿನ ಕಡೆಗೊಮ್ಮೆ ನೋಡಬೇಕು. ನರಸಿಂಹರಾಜಪುರ ತಾಲ್ಲೂಕಿನ ಸೀತೂರು, ಅಲ್ಲಿಂದ ಪಶ್ಚಿಮಕ್ಕೆ ಕೊಪ್ಪ, ಮುಂದೆ ಶೃಂಗೇರಿ, ಅದರಾಚೆ ಘಟ್ಟದ ನೆತ್ತಿಯಲ್ಲಿ ಆಗುಂಬೆ. ಈ ಸಾಲಿನಲ್ಲಿ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಏರುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ 7000 ಮಿಲಿಮೀಟರನ್ನು ದಾಟುತ್ತದೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಪೂರ್ವದ ಕಡೂರಿನಲ್ಲಿ 600ರ ಆಸುಪಾಸು. ಕಡೂರಿನ ಶ್ರಾವಕನಿಗೂ ಶೃಂಗೇರಿಯ ಶ್ರಾವಕನಿಗೂ ಗೋಡೆಯ ಮೇಲಿನ ಕ್ಯಾಲೆಂಡರ್ ಒಂದೇ. ಅಂಗಳದ ಮಳೆ ಒಂದೇ ಅಲ್ಲ.

ಮಲೆನಾಡಿನಲ್ಲಿ ಜೂನ್ ಮೊದಲ ವಾರಕ್ಕೆ ನೆಲ ನೆನೆಯುತ್ತದೆ. ನೆನೆದ ಮರುದಿನವೇ ಜೀವರಾಶಿಯ ಸಂತೆ ನೆರೆಯುತ್ತದೆ. ರೆಕ್ಕೆ ಬಂದ ಗೆದ್ದಲುಗಳು ಸಂಜೆಯ ದೀಪಕ್ಕೆ ಮುತ್ತುತ್ತವೆ. ಎರೆಹುಳು, ಬಸವನಹುಳು, ಸಹಸ್ರಪದಿಗಳು ದಾರಿಯ ಮೇಲೆ ಬರುತ್ತವೆ. ಇಂಬಳಗಳು ತರಗೆಲೆಯಡಿಯಿಂದ ಎದ್ದು ನಿಲ್ಲುತ್ತವೆ. ಕಪ್ಪೆಗಳು ಮೊಟ್ಟೆಯಿಡುವ ಕಾಲವೂ ಇದೇ. ಮಲೆನಾಡಿಗರು ಹತ್ತುಮೀನು ಎನ್ನುವ ಮೀನುಗಳು ಹಳ್ಳದ ಹೊಸನೀರಿಗೆ ಎದುರಾಗಿ ಗದ್ದೆಗೆ ಹತ್ತಿ ಮೊಟ್ಟೆಯಿಡುವುದೂ ಇದೇ ದಿನಗಳಲ್ಲಿ. ಅವನ್ನು ಬಲೆ ಬುಟ್ಟಿಗಳಿಂದ ರಾಶಿಹಾಕುವ ಹಿಂಸೆಯೂ ಆಗಲೇ. ಬಿದ್ದ ಬೀಜವೆಲ್ಲ ಮೊಳೆಯುತ್ತದೆ, ಕಲ್ಲಿನ ಮೇಲೆ ಪಾಚಿ ಹಬ್ಬುತ್ತದೆ. ಒಟ್ಟಿನಲ್ಲಿ ವರ್ಷದಲ್ಲಿ ಅತಿ ಹೆಚ್ಚು ಸೂಕ್ಷ್ಮಜೀವ ಮತ್ತು ತ್ರಸಜೀವಗಳು ಹುಟ್ಟುವುದು ಮಳೆಯ ಮೊದಲ ಐದಾರು ವಾರಗಳಲ್ಲಿ. ಆಷಾಢ ಚತುರ್ದಶಿಯ ಹೊತ್ತಿಗೆ ಆ ಉತ್ಪತ್ತಿಯ ಮೊದಲ ಅಲೆ ಮುಗಿದಿರುತ್ತದೆ.

ಈ ಸಂಗತಿ ಮಲೆನಾಡಿನ ಜೈನರಿಗೆ ತಿಳಿಯದೆಂದಲ್ಲ. ಅಡಿಕೆತೋಟವುಳ್ಳ ಯಾವ ಗೃಹಸ್ಥನನ್ನಾದರೂ ಕೇಳಿದರೆ ಸಾಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಹೊಡೆದು ಮುಗಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನಗಳಿಗೆ ಎರಡನೆಯ ಸಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲಿಯೇ ವರದಿ ಪ್ರಕಟಿಸಿದ್ದರು. ಅಂದಿನಿಂದ ಇಂದಿನವರೆಗೆ ಮಲೆನಾಡಿನ ಯಾವ ತೋಟದ ಯಜಮಾನನೂ ಔಷಧಿ ಹೊಡೆಯಲು ಆಷಾಢ ಶುಕ್ಲ ಚತುರ್ದಶಿಗೆ ಕಾದದ್ದಿಲ್ಲ. ಆಕಾಶ ನೋಡುತ್ತಾನೆ, ಗಾಳಿಯ ದಿಕ್ಕು ನೋಡುತ್ತಾನೆ, ರೇಡಿಯೋ ಕೇಳುತ್ತಾನೆ. 2025ರ ಮಳೆಯ ಲೆಕ್ಕದಲ್ಲಿ ವರ್ಷಾಯೋಗದ ತಿಥಿ ಬರುವ ವೇಳೆಗೆ ಎರಡನೆಯ ಸಲದ ಔಷಧಿಯ ಸರದಿ ಬಂದಿತ್ತು. ಫಸಲನ್ನು ಉಳಿಸಲು ಆಕಾಶವನ್ನು ನೋಡುವ ಕಣ್ಣು ಜೀವದಯೆಗೆ ಮಾತ್ರ ಗೋಡೆಯ ಕ್ಯಾಲೆಂಡರನ್ನು ನೋಡುವುದಾದರೆ, ಅಲ್ಲಿ ತೂಕದ ಬಟ್ಟು ಎರಡಾಯಿತು. ವ್ಯಾಪಾರದಲ್ಲಿ ಎರಡು ಬಟ್ಟು ಇಡುವುದನ್ನು ಹೀನಾಧಿಕ ಮಾನೋನ್ಮಾನವೆಂದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ವ್ರತದಲ್ಲಿ ಎರಡು ಬಟ್ಟು ಇಡುವುದಕ್ಕೆ ಹೆಸರು ಕೊಡುವ ಅಗತ್ಯ ಹಿಂದಿನವರಿಗೆ ಬೀಳಲಿಲ್ಲವೆಂದು ತೋರುತ್ತದೆ.

ವರ್ಷಾಯೋಗದ ಕಾರಣವನ್ನು ಶಾಸ್ತ್ರಗಳಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಶ್ವೇತಾಂಬರ ಆಗಮವಾದ ಆಚಾರಾಂಗ ಸೂತ್ರವು ತಿಥಿಯಿಂದ ಮಾತು ತೊಡಗುವುದಿಲ್ಲ. ಮಳೆಗಾಲ ಬಂದು ಮಳೆ ಸುರಿಯುತ್ತಿರುವಾಗ ಜೀವಗಳು ಹುಟ್ಟುತ್ತವೆ, ಬೀಜಗಳು ಮೊಳೆಯುತ್ತವೆ, ಊರೂರುಗಳ ನಡುವಣ ದಾರಿ ಜೀವಮಯವಾಗುತ್ತದೆ. ಇದನ್ನು ತಿಳಿದು ಭಿಕ್ಷುವು ಒಂದೆಡೆ ನಿಲ್ಲಬೇಕು, ಇದು ಅಲ್ಲಿನ ಅಭಿಪ್ರಾಯ. ಅಷ್ಟೇ ಅಲ್ಲ, ನಾಲ್ಕು ತಿಂಗಳು ಕಳೆದು ಮೇಲೆ ಐದು ಹತ್ತು ದಿನಗಳಾದರೂ ದಾರಿಯಲ್ಲಿ ಜೀವಗಳು ತುಂಬಿದ್ದರೆ ಹೊರಡಕೂಡದು ಎನ್ನುತ್ತದೆ. ಅಂದರೆ ನೋಡಬೇಕಾದದ್ದು ದಾರಿಯನ್ನು.

ದಿಗಂಬರ ಪರಂಪರೆಯಲ್ಲಿ ಶಿವಾರ್ಯರ ಭಗವತೀ ಆರಾಧನೆಗೆ ಇರುವ ಸ್ಥಾನ ಕನ್ನಡಿಗರಿಗೆ ತಿಳಿದದ್ದೇ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಬೇರು ಅಲ್ಲಿದೆ. ಆ ಗ್ರಂಥಕ್ಕೆ ಅಪರಾಜಿತ ಸೂರಿಗಳು ಬರೆದ ವಿಜಯೋದಯಾ ಟೀಕೆಯಲ್ಲಿ ಹತ್ತು ಸ್ಥಿತಿಕಲ್ಪಗಳ ವಿವರಣೆ ಬರುತ್ತದೆ. ಹತ್ತನೆಯದು ವರ್ಷಾವಾಸ. ಆ ಕಾಲದಲ್ಲಿ ಭೂಮಿಯು ಸ್ಥಾವರ ಜಂಗಮ ಜೀವಗಳಿಂದ ತುಂಬಿರುತ್ತದೆ, ತಿರುಗಾಡಿದರೆ ಮಹಾ ಅಸಂಯಮವಾಗುತ್ತದೆ ಎಂಬ ಕಾರಣವನ್ನು ಕೊಟ್ಟು, 120 ದಿನ ಒಂದೆಡೆ ನಿಲ್ಲುವುದು ಸಾಮಾನ್ಯ ನಿಯಮವೆಂದು ಟೀಕಾಕಾರರು ಹೇಳುತ್ತಾರೆ. ಕೂಡಲೇ ಮತ್ತೊಂದು ಮಾತನ್ನು ಸೇರಿಸುತ್ತಾರೆ: ಕಾರಣವನ್ನು ನೋಡಿಕೊಂಡು ಈ ಅವಧಿ ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಹೆಚ್ಚಿಸಿಕೊಳ್ಳುವವರು ಆಷಾಢ ಶುದ್ಧ ದಶಮಿಯಿಂದಲೇ ನಿಂತು, ಕಾರ್ತಿಕ ಹುಣ್ಣಿಮೆಯ ಮೇಲೆ ಮೂವತ್ತು ದಿನ ಇರಬಹುದು. ಹಾಗೆ ಹೆಚ್ಚಿಸಲು ಹೇಳಿದ ಕಾರಣಗಳಲ್ಲಿ ಮೊದಲನೆಯದೇ ಮಳೆಯ ಆಧಿಕ್ಯ. ಶ್ರುತಾಭ್ಯಾಸ, ಅಶಕ್ತಿ, ವೈಯಾವೃತ್ತ್ಯಗಳು ಅದರ ನಂತರ ಬರುತ್ತವೆ. ಮಳೆಗೆ ತಿಥಿಯೇ ಸರಿದು ದಾರಿ ಬಿಟ್ಟ ಉದಾಹರಣೆ ಆಚಾರಗ್ರಂಥದಲ್ಲಿಯೇ ಹೀಗೆ ಇರುವಾಗ, ಇಂದು ತಿಥಿಗೆ ಮಳೆಯೇ ಸರಿದು ದಾರಿ ಬಿಡಬೇಕೆಂಬ ನಡವಳಿಕೆ ಎಲ್ಲಿಂದ ಬಂದಿತು?

ತಿಥಿಯಾದರೂ ಒಂದೆಡೆ ನಿಂತಿದೆಯೇ ಎಂದು ನೋಡೋಣವೆಂದರೆ ಅದೂ ಇಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆಯನ್ನು ತುಂಬಲು ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ. ಆದ್ದರಿಂದ ಆಷಾಢ ಶುಕ್ಲ ಚತುರ್ದಶಿಯು 2023ರಲ್ಲಿ ಜುಲೈ 2ಕ್ಕೆ, 2024ರಲ್ಲಿ ಜುಲೈ 20ಕ್ಕೆ, 2025ರಲ್ಲಿ ಜುಲೈ 9ಕ್ಕೆ ಬಂದಿತು. ಅಧಿಕ ಜ್ಯೇಷ್ಠವಿರುವ 2026ರ ಪಂಚಾಂಗದಲ್ಲಿ ಜುಲೈ 28ಕ್ಕೆ ಬಿದ್ದಿದೆ. ಸುಮಾರು ನಾಲ್ಕು ವಾರಗಳ ಅಂತರ. ಅವಧಿಯ ಲೆಕ್ಕ ಇನ್ನೂ ವಿಚಿತ್ರವಾಗಿದೆ. 2023ರಲ್ಲಿ ಅಧಿಕ ಶ್ರಾವಣ ಬಂದು, ಸ್ಥಾಪನೆಯ ಜುಲೈ 2ರಿಂದ ನಿಷ್ಠಾಪನೆಯ ನವೆಂಬರ್ 12ರವರೆಗೆ 133 ದಿನಗಳಾದವು. ಆ ವರ್ಷದ ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಅತಿ ಒಣಗಿದ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಮಳೆ ಮೇ ತಿಂಗಳಿನಲ್ಲೇ ಬಂದ 2025ರಲ್ಲಿ ಜುಲೈ 9ರಿಂದ ಅಕ್ಟೋಬರ್ 20ರವರೆಗೆ ಲೆಕ್ಕ ಹಾಕಿದರೆ 103 ದಿನ ಮಾತ್ರ. ಬರದ ವರ್ಷಕ್ಕೆ ದೀರ್ಘ ವರ್ಷಾಯೋಗ, ಮಳೆಯ ವರ್ಷಕ್ಕೆ ಹ್ರಸ್ವ ವರ್ಷಾಯೋಗ. ಹೆಚ್ಚು ಕಡಿಮೆ ಆಗಬಹುದೆಂದು ಟೀಕಾಕಾರರು ಹೇಳಿದ್ದು ಈ ಅರ್ಥದಲ್ಲಿ ಅಲ್ಲವೆಂಬುದು ನಿಸ್ಸಂಶಯ.

ಇದಕ್ಕಿಂತ ದೊಡ್ಡದಾದ ಇನ್ನೊಂದು ಜಾರುವಿಕೆ ಇದೆ. ಅದು ವರ್ಷಕ್ಕೆ 24 ನಿಮಿಷಗಳ ವೇಗದಲ್ಲಿ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಸೂರ್ಯಸಿದ್ಧಾಂತದ ವರ್ಷ 365.2588 ದಿನ, ಋತುಗಳು ಮರಳಿ ಬರುವ ಸಾಯನ ವರ್ಷ 365.2422 ದಿನ. ವ್ಯತ್ಯಾಸ ಸುಮಾರು 24 ನಿಮಿಷ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳ ಒಂದು ಸುತ್ತು ಮುಗಿಯುವಾಗ ಈ 24 ನಿಮಿಷಗಳು ಕೂಡಿ ಒಂದು ಪೂರ್ತಿ ದಿನವಾಗುತ್ತದೆ. (ಅಂಗಡಿಯ ಖಾತೆಯಲ್ಲಿ ದಿನಕ್ಕೆ ಕಾಸು ತಪ್ಪುತ್ತ ಬಂದರೆ ದೀಪಾವಳಿಯ ಲೆಕ್ಕದಲ್ಲಾದರೂ ಸಿಕ್ಕಿಬೀಳುತ್ತದೆ. ಪಂಚಾಂಗದ ಖಾತೆಯನ್ನು ತಾಳೆ ನೋಡುವವರೇ ಇಲ್ಲ.) ಇದರ ಫಲವನ್ನು ಎಲ್ಲರೂ ಪ್ರತಿವರ್ಷ ನೋಡುತ್ತಿದ್ದಾರೆ. ಹಗಲು ಬೆಳೆಯಲು ತೊಡಗುವುದು ಡಿಸೆಂಬರ್ 22ರ ಸುಮಾರಿಗೆ. ಉತ್ತರಾಯಣವೆಂದು ಎಳ್ಳು ಬೀರುವುದು ಜನವರಿ 14 ಅಥವಾ 15ರಂದು. ದಕ್ಷಿಣಾಯನವೂ ಹಾಗೆಯೇ; ಸೂರ್ಯ ತಿರುಗುವುದು ಜೂನ್ 21ರ ಸುಮಾರಿಗೆ, ಕರ್ಕ ಸಂಕ್ರಮಣ ಜುಲೈ 16ರ ಸುಮಾರಿಗೆ. ಭಾರತ ಸರ್ಕಾರ 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯು ಈ 23 ದಿನಗಳ ವ್ಯತ್ಯಾಸವನ್ನು 1955ರ ವರದಿಯಲ್ಲಿ ಎತ್ತಿ ತೋರಿಸಿತು. ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂದು ಸರ್ಕಾರಿ ಗೆಜೆಟ್ಟಿನ ತಲೆಬರಹದಲ್ಲಿ ಉಳಿದುಕೊಂಡಿತು. ಹಬ್ಬಗಳು ಹಳೆಯ ದಾರಿಯಲ್ಲಿಯೇ ನಡೆದವು.

ಜೈನರಿಗೆ ಈ ವಿಷಯದಲ್ಲಿ ಪರರ ಸಮಿತಿಯ ವರದಿ ಬೇಕಾಗಿಲ್ಲ. ಯತಿವೃಷಭರ ತಿಲೋಯಪಣ್ಣತ್ತಿ ಇದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ತ್ರಿಲೋಕಸಾರ ಇದೆ. ಅವುಗಳ ಪ್ರಕಾರ ಐದು ವರ್ಷಗಳ ಯುಗವೊಂದು ಆಷಾಢ ಹುಣ್ಣಿಮೆಗೆ ಮುಗಿದು, ಮರುದಿನ ಶ್ರಾವಣ ಕೃಷ್ಣ ಪ್ರತಿಪದೆಯಂದು ಹೊಸ ಯುಗ ತೊಡಗುತ್ತದೆ. (ಇದು ಹುಣ್ಣಿಮೆಗೆ ತಿಂಗಳು ಮುಗಿಯುವ ಉತ್ತರದ ಗಣನೆ, ಕನ್ನಡ ಪಂಚಾಂಗದಲ್ಲಿ ಅದೇ ದಿನ ಆಷಾಢ ಬಹುಳ ಪಾಡ್ಯ.) ವರ್ಧಮಾನ ಸ್ವಾಮಿಯ ಪ್ರಥಮ ದಿವ್ಯಧ್ವನಿಯ ದಿನವೂ ಅದೇ, ವೀರಶಾಸನ ಜಯಂತಿಯೆಂದು ಆಚರಿಸುವುದು ಅದನ್ನೇ. ಆ ದಿನವೇ ಸೂರ್ಯನು ದಕ್ಷಿಣಕ್ಕೆ ತಿರುಗುತ್ತಾನೆ. ಯುಗದ ಐದು ವರ್ಷಗಳಲ್ಲಿ ದಕ್ಷಿಣಾಯನ ತೊಡಗುವ ತಿಥಿಗಳನ್ನೂ ಹೇಳಿದ್ದಾರೆ: ಶ್ರಾವಣ ಕೃಷ್ಣ ಪ್ರತಿಪದೆ, ಕೃಷ್ಣ ತ್ರಯೋದಶಿ, ಶುಕ್ಲ ದಶಮಿ, ಕೃಷ್ಣ ಸಪ್ತಮಿ, ಶುಕ್ಲ ಚತುರ್ಥಿ. ಐದೂ ಆಷಾಢ ಹುಣ್ಣಿಮೆಯ ನಂತರದವು. ಈಗ ದಕ್ಷಿಣಾಯನದ ನಿಜವಾದ ದಿನ ಜೂನ್ 21 ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿದರೆ, ಆ ಲೆಕ್ಕದ ಆಷಾಢ ಹುಣ್ಣಿಮೆಗಳು ಜೂನ್ 20, ಜೂನ್ 8, ಮೇ 27, ಜೂನ್ 14, ಜೂನ್ 2ರ ಆಸುಪಾಸಿನಲ್ಲಿ ಬೀಳುತ್ತವೆ. ಮಲೆನಾಡಿನ ಮುಂಗಾರಿನ ಬಾಗಿಲು ಇದೇ! ಇಂದಿನ ಪಂಚಾಂಗದ ಆಷಾಢ ಹುಣ್ಣಿಮೆಯಾದರೋ ಜುಲೈ ತಿಂಗಳಿನಲ್ಲಿ ಅಡ್ಡಾಡುತ್ತಿದೆ.

ಆ ಐದು ವರ್ಷದ ಯುಗದ ಲೆಕ್ಕ ಸ್ಥೂಲವೆಂಬ ಆಕ್ಷೇಪ ನ್ಯಾಯವಾದದ್ದೇ. ಅದರಲ್ಲಿ ಯುಗಕ್ಕೆ 1830 ದಿನ, ಸೂರ್ಯನ ಐದು ವರ್ಷಕ್ಕೆ 1826 ದಿನ. ತಿದ್ದುಪಡಿಯಿಲ್ಲದೆ ಅದು ನಡೆಯಲಾರದು. ಆದರೆ ಇಲ್ಲಿ ಮುಖ್ಯವಾದದ್ದು ಗಣಿತದ ಸೂಕ್ಷ್ಮತೆಯಲ್ಲ, ಪೂರ್ವಾಚಾರ್ಯರ ಉದ್ದೇಶ. ಅವರು ವರ್ಷಾಯೋಗದ ತಿಥಿಯನ್ನು ಸೂರ್ಯನ ತಿರುವಿಗೆ, ಮಳೆಯ ಬರವಿಗೆ ಕಟ್ಟಿದರು. ಹಗ್ಗ ಕಾಲಕ್ರಮದಲ್ಲಿ ಜಾರಿತು. ಜಾರಿದ ಹಗ್ಗವನ್ನು ಹಿಡಿದು ಇಂದು ಗೂಟ ಇಲ್ಲಿಯೇ ಇತ್ತೆಂದು ವಾದಿಸಲಾಗುತ್ತಿದೆ.

ಹಾಗಾದರೆ ವರ್ಷಾಯೋಗದ ತಿಥಿಯನ್ನೇ ಬದಲಿಸಬೇಕೇ? ಖಂಡಿತ ಬೇಡ. ಮುನಿಗಳ ಸ್ಥಾಪನೆಯ ತಿಥಿ ಆಚಾರ್ಯರ ಅಧೀನ. ಅದರಲ್ಲಿ ಗೃಹಸ್ಥರು ಕೈಹಾಕಿದರೆ ಊರಿಗೊಂದು ಚತುರ್ದಶಿಯಾಗಿ, ಈಗಿರುವ ಪಂಥಭೇದಗಳ ಮೇಲೆ ಮತ್ತೊಂದು ಭೇದ ಹುಟ್ಟುತ್ತದೆ. ಪ್ರಶ್ನೆ ಇರುವುದು ಗೃಹಸ್ಥರ ಬಗ್ಗೆ, ವಿಶೇಷವಾಗಿ ಬಸದಿಗಳ ಆಡಳಿತ ಮಂಡಳಿಗಳ ಬಗ್ಗೆ. ಅಖಿಲ ಭಾರತಕ್ಕೆ ಒಂದೇ ದಿನವಿರಬೇಕೆಂಬ ವಾದ ಸ್ಥಾಪನೆಯ ವಿಧಿಗೆ ಸಲ್ಲಬಹುದು. ಅದಕ್ಕೆ ಮುಂಚೆ ಯಾರೂ ಸಂಯಮ ಹಿಡಿಯಕೂಡದೆಂಬ ನಿಷೇಧವಾಗಿ ಅದನ್ನು ಓದುವುದು ಸೋಮಾರಿತನ. ಸಾಲದ ಗಡುವು ದೀಪಾವಳಿಯಾದರೆ ಅದಕ್ಕೆ ಮೊದಲೇ ತೀರಿಸುವವನನ್ನು ಯಾವ ಸಾಹುಕಾರನೂ ತಡೆಯುವುದಿಲ್ಲ.

ಆಡಳಿತ ಮಂಡಳಿಗಳ ಈಗಿನ ನಡವಳಿಕೆಯನ್ನು ಬಿಚ್ಚಿ ನೋಡಬೇಕು. ಅವುಗಳ ನಿಜವಾದ ಪಂಚಾಂಗ ಮಾರ್ಚ್ 31. ಅನುದಾನ, ದೇಣಿಗೆಗಳ ಹಣ ವರ್ಷಾಂತ್ಯದಲ್ಲಿ ಕೈಗೆ ಬರುತ್ತದೆ. ಅಂದಾಜು ಪಟ್ಟಿ, ಗುತ್ತಿಗೆಗಳು ಏಪ್ರಿಲ್ ಮೇ ತಿಂಗಳನ್ನು ನುಂಗುತ್ತವೆ. ಜೆಸಿಬಿ ಬಂದು ಬಸದಿಯ ಸುತ್ತ ನೆಲ ಅಗೆಯುವ ವೇಳೆಗೆ ಮೃಗಶಿರ ಮಳೆ ಸುರಿಯುತ್ತಿರುತ್ತದೆ. ಒದ್ದೆ ಮಣ್ಣಿನ ಒಂದೊಂದು ಬಕೆಟ್ಟಿನಲ್ಲಿ ಎಷ್ಟು ಎರೆಹುಳು, ಎಷ್ಟು ಮೊಟ್ಟೆ ಎತ್ತಿ ಲಾರಿಗೆ ಸುರಿಯಲಾಗುತ್ತದೆಂಬ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಕೇಳುವುದಿಲ್ಲ. ಒಳಗೆ ಅಭಿಷೇಕದ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯ ಜೀವಗಳನ್ನು ಬಾವಿಯ ನೀರಿಗೇ ಮರಳಿ ಬಿಡುವ ಜೀವಾಣಿಯ ವಿಧಿ ನಡೆಯುತ್ತಿರುತ್ತದೆ. ಹೊರಗೆ ಯಂತ್ರ ಗರ್ಜಿಸುತ್ತಿರುತ್ತದೆ. ನಡುವೆ ಇರುವುದು ಒಂದು ಗೋಡೆ.

ಇನ್ನು ಕಲಶ ಸ್ಥಾಪನೆಯ ಸಮಾರಂಭಗಳು. ತಿಥಿಗೆ ಇಷ್ಟು ನಿಷ್ಠೆಯುಳ್ಳ ಸಮಾಜವು ವರ್ಷಾಯೋಗದ ಕಲಶದ ಸಾರ್ವಜನಿಕ ಸಮಾರಂಭವನ್ನು ಎಷ್ಟೋ ಕಡೆ ಭಾನುವಾರಕ್ಕೆ ಸರಿಸುತ್ತದೆ. ಕಾರಣ, ಜನ ಸೇರಬೇಕು; ಜನ ಸೇರದಿದ್ದರೆ ಸವಾಲು ಏರುವುದಿಲ್ಲ. ಮಳೆಗೆ ತಿಥಿಯನ್ನು ಸರಿಸಲಾಗದು, ರಜೆಗೆ ಸರಿಸಬಹುದು! ಒಬ್ಬ ಮುನಿಯು ಒಂದು ಹೆಜ್ಜೆ ಇಡುವುದಿಲ್ಲವೆಂದು ಸಂಕಲ್ಪಿಸುವುದನ್ನು ನೋಡಲು ಐವತ್ತು ಬಸ್ಸುಗಳು, ನೂರಾರು ಕಾರುಗಳು ಮಳೆಯ ರಾತ್ರಿಯಲ್ಲಿ ಓಡಿ ಬರುತ್ತವೆ. ಘಟ್ಟದ ರಸ್ತೆಯ ಮೇಲೆ ಬೆಳಗಾದಾಗ ಅಂಟಿಕೊಂಡಿರುವ ಕಪ್ಪೆ, ಏಡಿ, ಹಾವಿನ ಮರಿಗಳನ್ನು ಕಂಡವರಿಗೆ ಈ ಭಕ್ತಿಯ ಬೆಲೆ ತಿಳಿಯುತ್ತದೆ. ಸಮಾರಂಭದ ಮಂಟಪಕ್ಕೆ ಪ್ರಖರವಾದ ದೀಪಗಳು ಬೇರೆ. ಅನಸ್ತಮಿತವನ್ನು, ಅಂದರೆ ಸೂರ್ಯಾಸ್ತದ ಮೊದಲು ಊಟ ಮುಗಿಸುವುದನ್ನು, ತಟ್ಟೆಗೆ ಹುಳು ಬೀಳಬಾರದೆಂದು ಪಾಲಿಸುವ ಕುಟುಂಬಗಳೇ ಆ ದೀಪಗಳ ಕೆಳಗೆ ಕುಳಿತು, ಬಿದ್ದ ಹುಳುಗಳನ್ನು ಕೈಯಿಂದ ಕೊಡವಿಕೊಳ್ಳುತ್ತವೆ.

ವೀರ ನಿರ್ವಾಣದ 2500ನೆಯ ವರ್ಷವನ್ನು 1974ರ ದೀಪಾವಳಿಯಿಂದ ದೇಶವೇ ಆಚರಿಸಿತು. 2001ರಲ್ಲಿ ಜನ್ಮಕಲ್ಯಾಣದ 2600ನೆಯ ವರ್ಷ, 2023ರ ದೀಪಾವಳಿಯಿಂದ ನಿರ್ವಾಣದ 2550ನೆಯ ವರ್ಷ. ಕ್ರಿಸ್ತಪೂರ್ವ 527ರಿಂದ, ಶಕಕ್ಕಿಂತ 605 ವರ್ಷ 5 ತಿಂಗಳ ಹಿಂದಿನಿಂದ, ಒಂದೊಂದು ವರ್ಷವನ್ನೂ ಬಿಡದೆ ಎಣಿಸಿಕೊಂಡು ಬಂದ ಸಮಾಜವಿದು. ದೇಶದಲ್ಲಿ ಇಷ್ಟು ದೀರ್ಘವಾದ ಬಳಕೆಯ ಸಂವತ್ಸರ ಗಣನೆಗಳು ವಿರಳ. ವರ್ಷಗಳನ್ನು ಎಣಿಸುವುದರಲ್ಲಿ ತೋರಿದ ಎಚ್ಚರ ಋತುವನ್ನು ಗಮನಿಸುವುದರಲ್ಲಿ ಏಕಿಲ್ಲ? ವರ್ಷದ ಲೆಕ್ಕಕ್ಕೆ ಫಲಕ, ವೇದಿಕೆ, ಭಾಷಣಗಳುಂಟು. ಋತುವಿನ ಲೆಕ್ಕಕ್ಕೆ ಮನೆಯಲ್ಲಿ ಕುಳಿತಿರುವುದೊಂದೇ ವಿಧಿ, ಅದಕ್ಕೆ ಛಾಯಾಚಿತ್ರವಿಲ್ಲ.

ಹಿಂದೆ ಮಲೆನಾಡಿನಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಶೃಂಗೇರಿ ಪೇಟೆಯ ನಡುವೆ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಆ ಕಾಲದ ಜೈನ ವರ್ತಕರ ಹೇರೆತ್ತುಗಳು ಘಟ್ಟದ ಕೆಳಗೂ ಮೇಲೂ ಸರಕು ಸಾಗಿಸುತ್ತಿದ್ದುದು ಬೇಸಗೆಯಲ್ಲಿ. ಮಳೆ ಹಿಡಿದ ಮೇಲೆ ಘಟ್ಟದ ದಾರಿ ಜಾರುತ್ತಿತ್ತು, ತುಂಗೆ ಭದ್ರೆಯರ ಕಡವುಗಳು ದಾಟಲು ಬಾರದಾಗುತ್ತಿದ್ದವು. ಮಳೆಯೇ ವರ್ತಕನಿಗೂ ವರ್ಷಾಯೋಗವನ್ನು ಹೇರುತ್ತಿತ್ತು. ಅದಕ್ಕೆ ಕಲಶವೂ ಬೇಕಿರಲಿಲ್ಲ, ತಿಥಿಯೂ ಬೇಕಿರಲಿಲ್ಲ. ಡಾಂಬರು ರಸ್ತೆ ಮತ್ತು ಸೇತುವೆಗಳು ಬಂದ ಮೇಲೆ ಪ್ರಕೃತಿಯ ಆ ತಡೆ ಹೋಯಿತು. ಹೊರಗಿನ ತಡೆ ಹೋದಾಗ ಒಳಗಿನ ತಡೆ ಬಲವಾಗಬೇಕಿತ್ತು. ಆದದ್ದು ಬೇರೆ: ಹೊರಗಿನ ತಡೆಯ ಜೊತೆಗೆ ಅದರ ನೆನಪೂ ಹೋಯಿತು.

ಗೃಹಸ್ಥರಿಗೆ ಶಾಸ್ತ್ರದಲ್ಲಿ ದಾರಿಯಿಲ್ಲವೇ? ಬೇಕಾದಷ್ಟಿದೆ. ಸಮಂತಭದ್ರ ಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕ ವ್ರತ ಹೇಳಿದೆ. ಇಷ್ಟು ಕಾಲ ಇಷ್ಟೇ ಪ್ರದೇಶದೊಳಗೆ ಇರುವೆನೆಂದು ಗೃಹಸ್ಥನು ತಾನೇ ಹಾಕಿಕೊಳ್ಳುವ ಎಲ್ಲೆ ಅದು. ಅದರ ಕಾಲಾವಧಿಗಳನ್ನು ಸ್ವಾಮಿಗಳು ಎಣಿಸುತ್ತಾರೆ: ವರ್ಷ, ಋತು, ಅಯನ, ಮಾಸ, ಚತುರ್ಮಾಸ, ಪಕ್ಷ, ಕೊನೆಗೆ ನಕ್ಷತ್ರ. ಚತುರ್ಮಾಸವು ಏಳರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ನಕ್ಷತ್ರವೆಂದರೆ ಯಾವ ನಕ್ಷತ್ರ? ಟೀಕಾಕಾರರಾದ ಪ್ರಭಾಚಂದ್ರರು ಚಂದ್ರಭುಕ್ತಿಯಿಂದಾಗಲಿ ಆದಿತ್ಯಭುಕ್ತಿಯಿಂದಾಗಲಿ ಅದನ್ನು ಹಿಡಿಯಬಹುದೆನ್ನುತ್ತಾರೆ. ಸೂರ್ಯನು ಒಂದು ನಕ್ಷತ್ರದಲ್ಲಿ ಇರುವ ಸುಮಾರು ಹದಿನಾಲ್ಕು ದಿನಗಳೇ ಆದಿತ್ಯಭುಕ್ತಿ. ಕನ್ನಡನಾಡಿನ ಒಕ್ಕಲುಮಕ್ಕಳು ಮಳೆನಕ್ಷತ್ರವೆಂದು ಬಾಯಲ್ಲಿ ಹೇಳುವುದು ಇದನ್ನೇ. ಜೂನ್ 8ರ ಸುಮಾರಿಗೆ ಮೃಗಶಿರ, 22ಕ್ಕೆ ಆರ್ದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ. ಇವು ಚಾಂದ್ರ ತಿಥಿಗಳಂತೆ ನಾಲ್ಕು ವಾರ ಅತ್ತಿತ್ತ ಓಡುವುದಿಲ್ಲ. ಸೂರ್ಯನ ಲೆಕ್ಕವಾದ್ದರಿಂದ ಒಂದು ತಲೆಮಾರಿನಲ್ಲಿ ಒಂದು ದಿನವೂ ಸರಿಯುವುದಿಲ್ಲ.

ಆದ್ದರಿಂದ ಮಲೆನಾಡಿನ ಜೈನ ಕುಟುಂಬವೊಂದು ಮೃಗಶಿರ ಮಳೆ ಹೊಕ್ಕ ದಿನ ದೇಶಾವಕಾಶಿಕವನ್ನು ಹಿಡಿದು, ಪ್ರತಿ ಮಳೆನಕ್ಷತ್ರಕ್ಕೆ ನವೀಕರಿಸುತ್ತ, ಚತುರ್ದಶಿ ಬಂದಾಗ ಅದನ್ನು ಚತುರ್ಮಾಸದ ನಿಯಮಕ್ಕೆ ಸೇರಿಸಿದರೆ, ಯಾವ ಆಚಾರ್ಯರ ಅಧಿಕಾರಕ್ಕೂ ಚ್ಯುತಿಯಿಲ್ಲ, ಯಾವ ಪಂಚಾಂಗವನ್ನೂ ತಿದ್ದಬೇಕಿಲ್ಲ. 2026ರ ಲೆಕ್ಕದಲ್ಲಿ ಜೂನ್ 8ರಿಂದ ಜುಲೈ 28ರವರೆಗೆ 50 ದಿನಗಳ ಜೀವರಕ್ಷೆ ಇದರಿಂದ ದೊರೆಯುತ್ತದೆ. ಮಳೆ ಮೇ ತಿಂಗಳಿನಲ್ಲೇ ಬಂದರೆ ರೋಹಿಣಿಯಿಂದಲೇ ಹಿಡಿಯಬಹುದು.

ಇದಕ್ಕೆ ಬರುವ ಬಲವಾದ ಆಕ್ಷೇಪ ಬೇಸಾಯದ್ದು. ಜೂನ್ ಜುಲೈ ತಿಂಗಳುಗಳೇ ಸಸಿಮಡಿ, ಹೂಟಿ, ನೆಟ್ಟಿಯ ಕಾಲ; ಗದ್ದೆಗೆ ಇಳಿಯದೆ ಮಲೆನಾಡಿನ ಗೃಹಸ್ಥ ಬದುಕುವುದು ಹೇಗೆ? ಗಂಭೀರವಾದ ಪ್ರಶ್ನೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಂದ ಸಂಕಲ್ಪೀ ಹಿಂಸೆಯ ಪೂರ್ಣ ತ್ಯಾಗವನ್ನು ಅಪೇಕ್ಷಿಸಿದ್ದು ಈ ಪ್ರಶ್ನೆಗಾಗಿಯೇ. ನೇಗಿಲು ಉದ್ಯೋಗೀ ಹಿಂಸೆಯ ಕೋಷ್ಠಕಕ್ಕೆ ಸೇರುತ್ತದೆ. ಅದರಲ್ಲಿ ಸಾಧ್ಯವಾದಷ್ಟು ಯತ್ನಾಚಾರವಿರಲಿ. ಆದರೆ ವಿಹಾರಯಾತ್ರೆಯ ಬಸ್ಸು ಯಾವ ಕೋಷ್ಠಕಕ್ಕೆ ಸೇರುತ್ತದೆ? ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕೀಳುವುದು, ಸುಮ್ಮನೆ ತಿರುಗಾಡುವುದು ಇವನ್ನೆಲ್ಲ ಪ್ರಮಾದಚರ್ಯೆ ಎಂದು ಅನರ್ಥದಂಡದಲ್ಲಿ ಎಣಿಸಿದ್ದಾರೆ. ರೈತನ ನೇಗಿಲನ್ನು ಮುಂದೆ ಹಿಡಿದು ಅದರ ಮರೆಯಲ್ಲಿ ಮಂಡಳಿಯ ಜೆಸಿಬಿಯನ್ನು ನಡೆಸುವುದು ನ್ಯಾಯವಲ್ಲ. ಗದ್ದೆಗೆ ಇಳಿಯಲೇಬೇಕಾದವನಿಗೆ ಉಳಿದ ಅನಾವಶ್ಯಕ ಹಿಂಸೆಗಳನ್ನು ಬಿಡುವ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಮಾಡಬೇಕಾದದ್ದು ಬಹಳವಿಲ್ಲ. ಮೃಗಶಿರ ಮಳೆಯಿಂದ ವರ್ಷಾಯೋಗದ ನಿಷ್ಠಾಪನೆಯವರೆಗೆ ಮಣ್ಣು ಅಗೆಯುವ, ಅಡಿಪಾಯ ತೆಗೆಯುವ ಕೆಲಸವನ್ನು ನಿಲ್ಲಿಸುವುದು; ಸೋರುವ ಮಾಡಿನ ತುರ್ತು ದುರಸ್ತಿ ಬೇರೆ ಮಾತು. ಕಲಶ ಸ್ಥಾಪನೆಯನ್ನು ತಿಥಿಯಂದೇ, ಊರಿನ ಶ್ರಾವಕರಷ್ಟರಲ್ಲೇ, ಹಗಲಿನಲ್ಲಿ ನೆರವೇರಿಸುವುದು. ಹೊರಊರಿನವರಿಗೆ ಆಮಂತ್ರಣ ಪತ್ರಿಕೆ ಕಳುಹಿಸುವ ಬದಲು, ಮನೆಯಲ್ಲಿಯೇ ಇದ್ದು ವ್ರತ ಹಿಡಿಯಿರೆಂಬ ವಿನಂತಿ ಪತ್ರ ಕಳುಹಿಸುವುದು. ಸವಾಲಿನ ಆದಾಯ ತಗ್ಗುತ್ತದೆ, ನಿಜ. ಆ ನಷ್ಟವನ್ನು ಅಂದಾಜು ಪಟ್ಟಿಯಲ್ಲಿ ತೋರಿಸಿ ಸಭೆಯ ಒಪ್ಪಿಗೆ ಪಡೆಯಲಿ. ಜೀವದಯೆಯ ಖಾತೆಗೆ ಖರ್ಚು ಬರೆಯಲು ನಾಚುವ ಕಾರಣವಿಲ್ಲ.

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜೈನ ಮಠವಿದೆ, ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಗೆ ದೂರದೂರಿನ ಭಕ್ತರು ಬರುತ್ತಾರೆ. ಪಕ್ಕದಲ್ಲಿಯೇ ಭದ್ರಾ ಜಲಾಶಯದ ಹಿನ್ನೀರು ಪ್ರತಿ ಮಳೆಗಾಲದಲ್ಲಿ ಏರಿ, ಮಳೆ ಎಷ್ಟಾಯಿತೆಂದು ದಡದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಈ ಸೀಮೆಯ ಸಮಾಜವು ಮೊದಲ ಹೆಜ್ಜೆ ಇಟ್ಟರೆ ಉಳಿದ ಮಲೆನಾಡಿಗೆ, ಘಟ್ಟದ ಕೆಳಗಿನ ತುಳುನಾಡಿಗೆ ಅದು ಮೇಲ್ಪಂಕ್ತಿಯಾಗುತ್ತದೆ. ಇದಕ್ಕೆ ಜೂನ್ ತಿಂಗಳಿನಲ್ಲಿ ಸಭೆ ಕರೆದರೆ ಪ್ರಯೋಜನವಿಲ್ಲ. ಆ ಹೊತ್ತಿಗೆ ಗುತ್ತಿಗೆದಾರನಿಗೆ ಮುಂಗಡ ಹೋಗಿರುತ್ತದೆ. ಕಾಮಗಾರಿಗಳ ಪಟ್ಟಿಯನ್ನು ಮಂಜೂರು ಮಾಡುವ ಫಾಲ್ಗುಣದ ಸಭೆಯಲ್ಲಿಯೇ, ಹಣ ಬಿಡುಗಡೆಯಾಗುವ ಮೊದಲೇ, ಮೃಗಶಿರದ ಗಡುವನ್ನು ಕರಾರಿನಲ್ಲಿ ಬರೆಸಬೇಕು.